ಮುಚ್ಚಿದ ಗುಂಡಿಯ ಮೇಲೆ ಆರು ಮನೆ

ಆ ಊರಿನಲ್ಲಿ ಕರಣೆ ಹಿಡಿದು ಗೋಡೆ ಎಬ್ಬಿಸುತ್ತಿದ್ದ ಹೆಂಗಸು ಅವಳೊಬ್ಬಳೇ. ಬರಿಗಣ್ಣಿನಲ್ಲೇ ಕೂದಲೆಳೆಯಷ್ಟು ಓರೆಯನ್ನೂ ಹಿಡಿದುಬಿಡುತ್ತಿದ್ದಳು. ಅದಕ್ಕೇ ಜನ ಅವಳನ್ನು ಮಟ್ಟದಮ್ಮ ಅನ್ನುತ್ತಿದ್ದರು. "ಅವಳ ಮುಂದೆ ಸೊಟ್ಟಗೆ ನಿಲ್ಲಬೇಡ, ಕೆಡವಿ ಕಟ್ಟಿಬಿಡ್ತಾಳೆ" ಎಂದು ನಗುತ್ತಿದ್ದರು.

ಆ ಹೆಸರು ಒಂದೇ ಬೆಳಗಿನಲ್ಲಿ ಮಣ್ಣುಪಾಲಾಯಿತು. ಮಾಡಿದವನು ಹೊರಗಿನವನಲ್ಲ, ಒಡಹುಟ್ಟಿದ ಅಕ್ಕನ ಗಂಡ.

ಆರು ವರ್ಷದ ಹಿಂದಿನ ಮಾತು. ಊರಿನ ಆಸ್ಪತ್ರೆಗೆ ಜಗಲಿ ಕಟ್ಟಿಸುವ ಕಂಟ್ರಾಕ್ಟು ಭಾವನದು, ಮೇಸ್ತ್ರಿಕೆ ಇವಳದು. ತಾರಸಿ ಹಾಕುವ ದಿನ ಬಾಂಡಲಿಯಲ್ಲಿ ಬಂದ ಕಾಂಕ್ರೀಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬರೀ ಮರಳು.

"ಭಾವ, ಇದಕ್ಕೆ ಸಿಮೆಂಟೇ ಬಿದ್ದಿಲ್ಲ. ನಿಲ್ಲಲ್ಲ ಇದು."

"ಹಾಕು ಅಂದ್ರೆ ಹಾಕಮ್ಮ. ನನಗೇ ಪಾಠ ಹೇಳ್ತೀಯಾ?"

ಅಕ್ಕನ ಮುಖ ನೋಡಿ ಹಾಕಿದಳು. ಸೆಂಟ್ರಿಂಗ್ ಬಿಚ್ಚಿದ ದಿನ ತಾರಸಿಯ ಒಂದು ಮೂಲೆ ಕಳಚಿ ಬಿತ್ತು. ಕೆಳಗೆ ಹಲಗೆ ಎಳೆಯುತ್ತಿದ್ದ ಅವಳ ಎಡಗೈಯ ಎರಡು ಬೆರಳು ಅಲ್ಲೇ ಹೋದವು. ಬೆರಳು ಹೋದದ್ದನ್ನು ಹೇಗೋ ನುಂಗಿಕೊಂಡಾಳು. ಆದರೆ ವಿಚಾರಣೆಗೆ ಸೇರಿದ ಊರಿನ ಮುಂದೆ ಭಾವ ಆಡಿದ ಮಾತು ಗಂಟಲಲ್ಲೇ ಉಳಿಯಿತು.

"ನಾದಿನಿ ಅಂತ ಕರುಣೆ ತೋರಿಸಿ ಕೆಲಸ ಕೊಟ್ಟೆ. ಕಲಸೋದಕ್ಕೂ ಬರಲ್ಲ ಅಂತ ಗೊತ್ತಾಗಲಿಲ್ಲ. ತಪ್ಪು ನನ್ನದೇ ಬಿಡಿ."

ಅಕ್ಕ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು.

ಅಂದಿನಿಂದ ಅವಳನ್ನು ಯಾರೂ ಮನೆ ಕಟ್ಟಲು ಕರೆಯಲಿಲ್ಲ. ಕೊಟ್ಟಿಗೆಯ ನೆಲ, ಒಡೆದ ಬಚ್ಚಲು, ಇಷ್ಟೇ. ಪೋಸ್ಟ್‌ಮ್ಯಾನ್ ಒಬ್ಬನೇ ತನ್ನ ಹಿತ್ತಲ ಗೋಡೆಗೆ ಕರೆದು, "ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ ಮೇಸ್ತ್ರಿಯಮ್ಮ" ಅಂದಿದ್ದ. ಅವಳು ಹಲ್ಲು ಕಚ್ಚಿ ಬದುಕಿದಳು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಮೂರು ಬೆರಳಿನ ಅಂಗೈಯಲ್ಲಿ ನೀರು ಸೋರಿಹೋದಾಗಲೆಲ್ಲ ಭಾವನ ಮುಖ ನೆನೆಯುತ್ತಿದ್ದಳು.

ಹೀಗಿರುವಾಗ ಭಾವ ಹಳ್ಳದಾಚೆಯ ಬಯಲನ್ನು ಕೊಂಡು ಇಪ್ಪತ್ತು ಮನೆ ಕಟ್ಟಿ ಮಾರುತ್ತೇನೆಂದು ಸಾರಿದ. ಊರಿಗೆ ಅದು ಬೇಕೇ ಬೇಕಿತ್ತು. ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ ಮೈಗೆ ಮೈ ತಾಗಿಸಿಕೊಂಡಿದ್ದವು. ಆದರೆ ಪೇಟೆಯ ಲಾರಿಯವರು ಹಳ್ಳದ ಕಿರುಸೇತುವೆ ಕಂಡು ಮುಖ ತಿರುಗಿಸಿದರು. ಆಗ ಊರೇ ಮುಂದೆ ಬಂತು. ಇಟ್ಟಿಗೆಯನ್ನು ಈಚೆ ದಡದಲ್ಲಿ ಇಳಿಸಿದರೆ, ಜನ ಸಾಲು ನಿಂತು ಕೈಯಿಂದ ಕೈಗೆ ದಾಟಿಸುವುದೆಂದು ತೀರ್ಮಾನವಾಯಿತು.

ಪಾಯಕ್ಕೆ ಸುಣ್ಣದ ಗೆರೆ ಎಳೆದ ದಿನ ಅವಳು ಸುಮ್ಮನೆ ಹೋಗಿ ನೋಡಿದಳು. ಬಯಲಿನ ನಡುವಿನ ಆರು ಮನೆಯ ಗೆರೆ ಬಿದ್ದಿದ್ದದ್ದು ಹಳೆಯ ಇಟ್ಟಿಗೆ ಗೂಡಿನ ಮಣ್ಣುಗುಂಡಿಯ ಮೇಲೆ! ಚಿಕ್ಕವಳಿದ್ದಾಗ ಅವಳೇ ಅಲ್ಲಿ ಜೇಡಿ ಹೊತ್ತಿದ್ದಳು. ಗೂಡು ಮುಚ್ಚಿದ ಮೇಲೆ ಬೂದಿ, ಒಡಕಲು, ಕಸ ಸುರಿದು ಗುಂಡಿ ತುಂಬಿದ್ದರು. ಮೇಲೆ ಹುಲ್ಲು ಬೆಳೆದು ಮೂವತ್ತು ವರ್ಷವಾಗಿತ್ತು. ಅಲ್ಲೆಲ್ಲೋ ಗುಂಡಿಯಿತ್ತೆಂದು ಹಳಬರಿಗೆ ಮಸುಕು ನೆನಪಿತ್ತೇ ಹೊರತು ಅದರ ಅಂಚು ಗೊತ್ತಿದ್ದದ್ದು ಇವಳ ಕಾಲಿಗೆ ಮಾತ್ರ. ಭಾವ ಬೇರೆ ಊರಿನವನು. ದಾರಿ ಪಕ್ಕದ ಗಟ್ಟಿ ಮೂಲೆಯಲ್ಲಿ ಮೊಣಕಾಲುದ್ದ ಅಗೆಸಿ, ನೆಲ ಭದ್ರವಾಗಿದೆ, ಪಾಯಕ್ಕೆ ಅಷ್ಟೇ ಆಳ ಸಾಕು ಎಂದು ಕೈ ತೊಳೆದುಕೊಂಡಿದ್ದ.

ಹೇಳಬಹುದಿತ್ತು. ಹೇಳಲಿಲ್ಲ. 'ಈಗ ಹೇಳಿದರೆ ಗೆರೆ ಅಳಿಸಿ ಆಚೆ ಎಳೀತಾನೆ, ಅಷ್ಟೇ. ಗೋಡೆ ಏಳಲಿ. ಎದೆಯುಬ್ಬಿಸಿ ನಿಲ್ಲಲಿ. ಆಮೇಲೆ' ಎಂದುಕೊಂಡಳು.

ಅಷ್ಟೇ ಅಲ್ಲ, ಇಟ್ಟಿಗೆ ಸಾಲಿನಲ್ಲಿ ತಾನೂ ನಿಂತಳು. ಎಂಟು ಬೆರಳಿನಲ್ಲಿ ಒಂದೊಂದೇ ಇಟ್ಟಿಗೆ ದಾಟಿಸುವಾಗ, 'ಹೋಗು, ಗುಂಡಿಗೆ ಹೋಗು' ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಆರು ವರ್ಷದಲ್ಲಿ ಅಷ್ಟು ಹಗುರಾಗಿ ಅವಳು ದುಡಿದದ್ದೇ ಇಲ್ಲ.

ಪಕ್ಕದಲ್ಲಿ ನಿಂತಿದ್ದವನು ಪೋಸ್ಟ್‌ಮ್ಯಾನ್. "ನಡುವಿನ ಸಾಲಲ್ಲಿ ಮೂರನೇದು ನನ್ನದು ಮೇಸ್ತ್ರಿಯಮ್ಮ. ಮಗಳ ಬಾಣಂತನ ಹೊಸ ಮನೇಲೇ ಮಾಡೋಣ ಅಂತಿದಾಳೆ ನಮ್ಮವಳು."

ಅವಳ ಕೈಯ ಇಟ್ಟಿಗೆ ಗಾಳಿಯಲ್ಲೇ ನಿಂತಿತು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಆಚೆ ದಡದಿಂದ ಭಾವ ಕೂಗಿದ: "ಏ ಮಟ್ಟದಮ್ಮ, ಬೇಗ ಬೇಗ! ಇದಕ್ಕೇನು ಕಲಸೋದು ಬರಬೇಕಾಗಿಲ್ಲ!" ಸಾಲಿನಲ್ಲಿ ನಾಲ್ಕಾರು ಜನ ನಕ್ಕರು. ಅವಳು ಮಾತು ನುಂಗಿ ಇಟ್ಟಿಗೆ ದಾಟಿಸಿದಳು.

ಗೋಡೆಗಳು ಲಿಂಟಲ್‌ವರೆಗೆ ಬಂದವು. ತಾರಸಿಗೆ ಕೈಜೋಡಿಸಲು ಒಂದು ಮಧ್ಯಾಹ್ನ ಇಡೀ ಊರು ಬಯಲಿಗೆ ಬಂತು. ಭಾವ ಇಸ್ತ್ರಿ ಅಂಗಿ ತೊಟ್ಟು ಓಡಾಡುತ್ತಿದ್ದ. ಅವಳು ಹೆಗಲ ಮೇಲೆ ಹಾರೆ ಹೊತ್ತು ಬಂದು ಮೂರನೇ ಮನೆಯ ಹೊಸಿಲ ಮುಂದೆ ನಿಂತಳು.

"ತಾರಸಿ ಹಾಕಬೇಡಿ. ಈ ಆರು ಮನೆಗೂ ಕೆಳಗೆ ನೆಲವೇ ಇಲ್ಲ."

"ಹೊಟ್ಟೆಕಿಚ್ಚು ಕಣ್ರೀ" ಎಂದ ಭಾವ ನಗುತ್ತಾ. "ಇವಳ ಕೈಗೆ ಕೊಟ್ಟು ಆಸ್ಪತ್ರೆ ತಾರಸಿ ಏನಾಯ್ತು, ನೋಡಿದ್ದೀರಲ್ಲ."

ಅವಳು ಹಾರೆ ಎತ್ತಿ ಪಾಯದ ಪಕ್ಕದ ನೆಲಕ್ಕೆ ಕುಕ್ಕಿದಳು. ಮೂರು ಏಟಿಗೆ ಹಾರೆ ಗಟ್ಟಿ ಪದರ ದಾಟಿತು. ನಾಲ್ಕನೆಯದಕ್ಕೆ ಕೈಹಿಡಿತದವರೆಗೂ ಸರ್ರನೆ ಇಳಿದುಹೋಯಿತು. ಪೋಸ್ಟ್‌ಮ್ಯಾನ್ ಗುದ್ದಲಿ ತಂದ. ಇನ್ನಿಬ್ಬರು ಸೇರಿಕೊಂಡರು. ಎದೆಮಟ್ಟ ಅಗೆದರೂ ಮೇಲೆ ಬಂದದ್ದು ಕಪ್ಪು ಬೂದಿ, ಒಡಕಲು ಇಟ್ಟಿಗೆ, ತುಕ್ಕು ಹಿಡಿದ ಡಬ್ಬ.

"ಮೊದಲ ಜೋರು ಮಳೆಗೆ ಕೂತುಬಿಡುತ್ತೆ" ಎಂದಳು. "ಗಟ್ಟಿ ನೆಲ ಎಲ್ಲಿದೆ, ನನಗೆ ಗೊತ್ತು. ತೋರಿಸ್ತೀನಿ. ಆದರೆ ಮೊದಲು ಭಾವ ಒಂದು ಮಾತು ಹೇಳಬೇಕು. ಆವತ್ತು ಆಸ್ಪತ್ರೆ ತಾರಸಿಗೆ ಬರೀ ಮರಳು ಹಾಕಿಸಿದ್ದು ಯಾರು?"

ಭಾವ ಅತ್ತಿತ್ತ ನೋಡಿದ. ಸುತ್ತ ನಿಂತವರ ಕೈಯಲ್ಲಿ ಗುದ್ದಲಿ, ಸನಿಕೆ. ಯಾರೂ ಜಾಗ ಬಿಡಲಿಲ್ಲ.

"ಹೇಳಿ" ಎಂಬ ದನಿ ಹಿಂದಿನಿಂದ ಬಂತು. ಅಕ್ಕನದು.

"ನಾನೇ" ಎಂದ ಭಾವ.

"ಕೇಳಿಸಲಿಲ್ಲ" ಎಂದಳು ಮಟ್ಟದಮ್ಮ.

"ನಾನೇ ಹಾಕಿಸಿದ್ದು. ಅವಳು ಬೇಡ ಅಂದಿದ್ದಳು."

ಆರು ವರ್ಷ ಕಾದಿದ್ದ ಮಾತು. ಕೇಳಿದಾಗ ಅವಳಿಗೆ ಸುಖವಾಯಿತು, ನಿಜವಾಗಿಯೂ ಸುಖವಾಯಿತು. ಆದರೆ ಅದನ್ನು ನೆಟ್ಟಗೆ ಅನುಭವಿಸುವ ಮೊದಲೇ ಪೋಸ್ಟ್‌ಮ್ಯಾನ್ ಗುಂಡಿಯೊಳಗಿನಿಂದ ತಲೆ ಎತ್ತಿದ.

"ಆ ಸಾಲಲ್ಲಿ ನನ್ನ ಪಕ್ಕ ನಿಂತಿದ್ರಲ್ಲ ಮೇಸ್ತ್ರಿಯಮ್ಮ, ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಗುದ್ದಲಿ ಗೋಡೆಗೊರಗಿಸಿ ಹೊರಟುಹೋದ.

ಊರು ಮತ್ತೆ ಕೂಡಿತು. ಆರು ಮನೆಯ ಗೋಡೆ ಬಿಚ್ಚಿ, ಇಟ್ಟಿಗೆಗೆ ಅಂಟಿದ ಗಾರೆಯನ್ನು ಹೆಂಗಸರು ಮಕ್ಕಳೆಲ್ಲ ಕೂತು ಕೆರೆದರು. ಬಯಲಿನ ಮೇಲ್ದಂಡೆಯಲ್ಲಿ ಹೊಸ ಪಾಯ ತೋಡಿದರು. ಆ ಜಾಗವನ್ನು ಬಿಟ್ಟುಕೊಡದೆ ಭಾವನಿಗೆ ಬೇರೆ ದಾರಿ ಇರಲಿಲ್ಲ. ಮೇಸ್ತ್ರಿಕೆ ಅವಳದೇ. ಬಾಂಡಲಿ ಹೊರಲು ಭಾವನೇ ಬರಬೇಕೆಂದು ಅವಳು ಹಟ ಹಿಡಿದಳು. ಊರಿನವರು ಒಪ್ಪಿದರು, ಕೆಲವರು ಖುಷಿಯಿಂದಲೇ. ಅವನು ತಂದ ಗಾರೆಯನ್ನು ದಿನವೂ ಬೆರಳಲ್ಲಿ ಉಜ್ಜಿ, "ನೀರು ಜಾಸ್ತಿಯಾಯ್ತು, ಮತ್ತೆ ಕಲಸಿ" ಎಂದು ವಾಪಸು ಕಳಿಸುತ್ತಿದ್ದಳು. ಕೆಲವು ಸಲ ನೀರು ಸರಿಯಾಗಿಯೇ ಇರುತ್ತಿತ್ತು.

ಪೋಸ್ಟ್‌ಮ್ಯಾನ್ ಮಗಳ ಬಾಣಂತನ ಹಳೆಯ ಕೋಣೆಯಲ್ಲೇ ಮುಗಿಯಿತು. ಅವಳ ಮನೆಗೆ ಕಾಗದ ಬಂದರೆ ಅವನು ಕೂಗದೆ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದ.

ಕೊನೆಯ ಗೋಡೆ ಮುಗಿದ ಸಂಜೆ ಭಾವ ಬೆನ್ನು ಹಿಡಿದುಕೊಂಡು ಮರಳ ರಾಶಿಯ ಮೇಲೆ ಕುಸಿದ. ಅಂಗೈ ತುಂಬ ಬೊಬ್ಬೆ.

"ಇಷ್ಟಾದ ಮೇಲಾದರೂ ನಿನ್ನ ಹೊಟ್ಟೆ ತಣ್ಣಗಾಯ್ತೇನಮ್ಮ?"

ಅವಳು ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಆ ಮೂಲೆಗೆ ನೀರು ಬಿದ್ದಿಲ್ಲ. ಎದ್ದು ಹಾಕಿ, ಭಾವ."