ಅಂಗೀಕೃತವಾದ ರಾಜೀನಾಮೆ

ಮಾನ್ಯ ಓದುಗರ ಸನ್ನಿಧಿಗೆ,

ನಮ್ಮ ಓದುಕೂಟದ ಹಿರಿಯರು ಕೂಟವನ್ನು ತೊರೆದ ಸಂಗತಿಯನ್ನು, ನಾನು ಕಂಡಂತೆ, ಈ ಮೂಲಕ ನಿವೇದಿಸುತ್ತಿದ್ದೇನೆ. ಹಿಂದೆ ಏನನ್ನೂ ಬರೆದವನಲ್ಲ. ಲೋಪವಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಸದರಿ ಹಿರಿಯರು ಹುಬ್ಬಳ್ಳಿಯವರು, ಇಲ್ಲಿ ಅಮೆರಿಕದ ಕೇಟಿ ಎಂಬ ಊರಿನಲ್ಲಿ ವಾಸ. ಪತ್ನಿ ತೀರಿಕೊಂಡ ಮೇಲೆ ಅವರು ಬಾಯಿತುಂಬ ಕನ್ನಡ ಆಡುತ್ತಿದ್ದುದು ತಾವೇ ಕಟ್ಟಿದ ಈ ತಿಂಗಳ ಕೂಟದಲ್ಲಿ ಮಾತ್ರ. ಅದಕ್ಕಾಗಿ ಡಲ್ಲಾಸ್‌ಗೂ ಆಸ್ಟಿನ್‌ಗೂ ತಾಸುಗಟ್ಟಲೆ ಒಬ್ಬರೇ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ವಾದ ಬಿಸಿಯಾದಾಗಲೆಲ್ಲ ಎದ್ದು ನಿಂತು, "ಸಾಕ್ರಿ, ನನ್ನ ರಾಜೀನಾಮೆ ತಗೋರಿ" ಎನ್ನುವುದು ಅವರ ರೂಢಿ. "ಕೂಡ್ರಿ ಅಂಕಲ್, ಚಹಾ ಆರತದ" ಎಂದು ಯಾರಾದರೊಬ್ಬರು ಹೇಳುವುದು ನಮ್ಮ ರೂಢಿ. ಅವರು ಕೂಡುತ್ತಿದ್ದರು.

ಆ ಭಾನುವಾರ ಡಲ್ಲಾಸ್ ಬಳಿಯ ಯೂಲೆಸ್‌ನ ನನ್ನ ಮನೆಯಲ್ಲಿ ಐರ್ಲೆಂಡಿನ ಆರಂಭಕಾಲದ ಸಮಾಜವಾದಿಗಳ ಕುರಿತು ಚರ್ಚೆಯಿತ್ತು. ಆಸ್ಟಿನ್‌ನಲ್ಲಿ ಇತಿಹಾಸ ಓದುತ್ತಿರುವ ಮೈಸೂರಿನ ವಿದ್ಯಾರ್ಥಿನಿ ವಿಷಯ ಮಂಡಿಸಿದಳು. ಡಬ್ಲಿನ್‌ನಲ್ಲಿ ಬೆರಳೆಣಿಕೆಯ ಸಂಗಾತಿಗಳ ಪಕ್ಷ, ಅದನ್ನು ಕಟ್ಟಿದ ನಾಯಕ ಒಳಜಗಳಕ್ಕೆ ರೋಸಿ ರಾಜೀನಾಮೆ ಕೊಟ್ಟ, ಸಂಗಾತಿಗಳು ಒಪ್ಪಿಬಿಟ್ಟರು. ಅವನು ಅಮೆರಿಕಕ್ಕೆ ಹೊರಟಾಗ ಬೀಳ್ಕೊಡಲು ಒಬ್ಬರೂ ಬರಲಿಲ್ಲವಂತೆ.

"ಕಟ್ಟಿದಾಂವಗ ಹಿಂಗ ಮಾಡೂದೇನ?" ಅಂಕಲ್ ಕೇಳಿದರು.

"ಕಟ್ಟಿದ ಮಾತ್ರಕ್ಕೆ ಪಕ್ಷ ಅವರದ್ದಾಗಲ್ವಲ್ಲ ಅಂಕಲ್. ಬೇರೆಯವರಿಗೂ ಮಾತಾಡೋಕೆ ಬಿಡ್ಬೇಕಿತ್ತು."

"ಅಂದ್ರ, ನಾ ಬಿಡೂದಿಲ್ಲ ಅಂತೀಯೇನವಾ?"

"ಅಯ್ಯೋ, ನಿಮ್ಮ ವಿಷ್ಯ ಅಲ್ಲ!"

ಯಾರೋ ನಕ್ಕರು. ಅಂಕಲ್ ಎದ್ದರು. "ಸಾಕ್ರಿ. ನನ್ನ ರಾಜೀನಾಮೆ ತಗೋರಿ."

ಹಳಬರಾದ ನಾವು, ಇಂದು ಹೇಳುವ ಸರದಿ ಯಾರದೆಂದು ಪರಸ್ಪರ ಮುಖ ನೋಡಿದೆವು. ಅಷ್ಟರಲ್ಲಿ ಅವಳೊಂದಿಗೆ ಮೊದಲ ಬಾರಿ ಬಂದಿದ್ದ ವಿದ್ಯಾರ್ಥಿಗಳು, ಯಾರಾದರೂ ಹುದ್ದೆ ಬಿಟ್ಟಾಗ ಇಲ್ಲಿ ಮಾಡುವಂತೆ, ಗೌರವದಿಂದ ಎದ್ದು ಚಪ್ಪಾಳೆ ತಟ್ಟಿದರು. "ಥ್ಯಾಂಕ್ಯೂ ಅಂಕಲ್, ಎಲ್ಲಾದಕ್ಕೂ!" ಎಂದನೊಬ್ಬ.

ಚಪ್ಪಾಳೆಯ ಮೇಲೆ ‘ಕೂಡ್ರಿ’ ಎನ್ನುವುದು ಹೇಗೆ? ಅಂಕಲ್ ಕೈ ಮುಗಿದರು. ಬಾಗಿಲ ಬಳಿ ಶೂ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಬಂದವರನ್ನು ಕಾರಿನ ತನಕ ಕಳಿಸಿ, ಅಲ್ಲಿಯೂ ಅರ್ಧ ತಾಸು ಮಾತಾಡುವ ನಾವು ಅಂದು ಮುಜುಗರದಿಂದ ಹೊಸ್ತಿಲು ದಾಟಲಿಲ್ಲ. ಕಾರು ಹೊರಟ ಸದ್ದು ಒಳಗೇ ಕೇಳಿದೆವು.

ಮರುವಾರ ಫೋನ್ ಮಾಡಿದೆ. "ಬರ್ರಿ ಅಂಕಲ್, ಆ ಹುಡುಗರಿಗೆ ಗೊತ್ತಿರಲಿಲ್ಲ."

"ಅವರದೇನ್ ತಪ್ಪಿಲ್ಲಪಾ," ಎಂದರು. "ನಿಮಗ ಗೊತ್ತಿತ್ತಲ್ಲ?"

ಆಮೇಲೆ, ಊಟ ಆಯಿತೇ ಎಂದು ವಿಚಾರಿಸಿ ಫೋನ್ ಇಟ್ಟರು.

ಕೂಟವು ಈಗಲೂ ನಡೆಯುತ್ತಿದೆ. ಎಲ್ಲರಿಗೂ ಸಮಾನ ಸಮಯ ಕೊಡಲಾಗುತ್ತದೆ. ವಾದ ಬಿಸಿಯಾದಾಗ ಎದ್ದು ನಿಲ್ಲುವವರು ಯಾರೂ ಇಲ್ಲ. ಚಹಾ ಹಾಗೆಯೇ ಆರುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.