ಹುಣಸೆಹಣ್ಣು ಕಂಡ ದುರ್ಬೀನು

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ತಲೆನೋವುಗಳಲ್ಲಿ ದೊಡ್ಡದು ಆ ಹಿತ್ತಾಳೆ ದುರ್ಬೀನು. ಅದರ ನಿಜವಾದ ಹೆಸರು ಥಿಯೋಡಲೈಟ್, ನೆಲ ಅಳೆಯುವ ಯಂತ್ರ. ಅಪ್ಪ ಸರ್ವೆ ಕೆಲಸದಲ್ಲಿದ್ದವನು, ಯಾವುದೋ ಹಳೇ ಸಾಮಾನಿನ ಹರಾಜಿನಲ್ಲಿ ಕೂಗಿ ತಂದಿದ್ದನಂತೆ. ನಿವೃತ್ತನಾದ ಮೇಲೂ ನಮ್ಮೂರು ದಂಡಿನಶಿವರದ ಸುತ್ತ ಯಾರು ತೋಟಕ್ಕೆ ಕಾಲುವೆ ತೆಗೆಸಿದರೂ ಅದರ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು ಹೋಗಿ, ನೀರು ಹರಿಯುವ ವಾಟ ನೋಡಿಕೊಟ್ಟು ಬರುತ್ತಿದ್ದ. ಮನೆಯಲ್ಲಿ ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಆಯುಧಪೂಜೆಯ ದಿನವೂ ವಿಭೂತಿ, ಕುಂಕುಮ ಅದರ ಪೆಟ್ಟಿಗೆಗೆ ಮಾತ್ರ.

ಆ ತೇಗದ ಪೆಟ್ಟಿಗೆ ಅಟ್ಟದ ಮೂಲೆಯಲ್ಲಿತ್ತು. ನಮ್ಮ ಕಡೆ ಅಟ್ಟ ಎಂದರೆ ತೆಂಗಿನಕಾಯಿಯ ಸ್ವತ್ತು. ಕಿತ್ತ ಕಾಯಿ ವರ್ಷವೆಲ್ಲ ಅಲ್ಲೇ ಕೂತು, ಒಳಗಿನ ನೀರು ಇಂಗಿ ಕೊಬ್ಬರಿಯಾಗಬೇಕು. ಹಾಗಾಗಿ ಅಟ್ಟಕ್ಕೆ ಕಾಯಿ ಏರಿಸುವಾಗಲೆಲ್ಲ, ತೋಟ ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ಅದೇ ರಾಗ ತೆಗೆಯುತ್ತಿದ್ದ.

“ಅಣ್ಣ, ಈ ಪೆಟ್ಟಿಗೆ ಜಾಗದಲ್ಲಿ ಐವತ್ತು ಕಾಯಿ ಹಿಡೀತದೆ. ಬೇಕಾದ್ರೆ ನಿನ್ನ ಮನೇಗೆ ತಗೊಂಡೋಗು, ಇಲ್ಲ ಮಾರ್ಬುಡು.”

ನನ್ನ ಮನೆಯೋ ತುರುವೇಕೆರೆಯ ಎರಡು ಕೋಣೆಯ ಬಾಡಿಗೆ ಮನೆ. ಮೇಷ್ಟ್ರ ಸಂಬಳಕ್ಕೆ ಸಿಕ್ಕಿದ್ದು ಅಷ್ಟೇ. ಮೂರು ಕಾಲಿನ ಆ ಸ್ಟ್ಯಾಂಡನ್ನು ಒಳಗೆ ತಂದರೆ ನಾವು ಬಾಗಿಲಾಚೆ ಮಲಗಬೇಕು. ಅದನ್ನು ಬಳಸುವುದೂ ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಕಣ್ಣಿಟ್ಟು ನೋಡಲು ಬಿಟ್ಟಿದ್ದ. ಅಂಥ ಹಳೇ ದುರ್ಬೀನಿನಲ್ಲಿ ಎಲ್ಲ ಕಾಣುವುದೇ ಹಾಗೆ, ತೋಟವೆಲ್ಲ ತಲೆಕೆಳಗಾಗಿ ಕಂಡಿತು. ನಾನು ನಕ್ಕುಬಿಟ್ಟೆ, ಅವನಿಗೆ ಸಿಟ್ಟು ಬಂತು, ನನ್ನ ಕಲಿಕೆ ಅಲ್ಲಿಗೆ ಮುಗಿಯಿತು. ಹೀಗೆ ಉಪಯೋಗಕ್ಕೆ ಬಾರದ, ಇಡಲು ಜಾಗವಿಲ್ಲದ ಒಂದು ವಸ್ತುವನ್ನು ಮಾರುತ್ತೇನೆ ಎನ್ನಲು ಮೂರು ವರ್ಷ ನನಗೆ ಬಾಯಿ ಬರಲಿಲ್ಲ. ಇಟ್ಟುಕೊಳ್ಳುತ್ತೇನೆ ಎನ್ನಲೂ ಬರಲಿಲ್ಲ. ನನ್ನ ಮೇಲೆ ನನಗೇ ರೇಗುತ್ತಿತ್ತು.

ಕೊನೆಗೆ ತುಮಕೂರಿನ ನಿವೃತ್ತ ಎಂಜಿನಿಯರೊಬ್ಬರು, ಹಳೇ ಉಪಕರಣಗಳನ್ನು ಕೂಡಿಡುವವರು, ಯಾರಿಂದಲೋ ಸುದ್ದಿ ತಿಳಿದು ಕಾಗದ ಬರೆದರು. ನಾನು ಎರಡು ಕಾರ್ಡು ಬರೆದು ಹರಿದು, ಮೂರನೆಯದರಲ್ಲಿ ಭಾನುವಾರ ಬನ್ನಿ ಎಂದು ಬರೆದು ಅಂಚೆ ಡಬ್ಬಕ್ಕೆ ಹಾಕಿಯೇಬಿಟ್ಟೆ. ಶನಿವಾರ ಊರಿಗೆ ಹೋಗಿ ಪೆಟ್ಟಿಗೆ ಇಳಿಸಿ ಅವ್ವನಿಗೆ ಹೇಳಿದೆ: “ನಾಳೆ ಇದನ್ನ ತಗೊಂಡೋಗಾಕೆ ಒಬ್ಬರು ಬತ್ತಾರೆ. ಸ್ವಲ್ಪ ಚೊಕ್ಕಟ ಮಾಡಿಡು.”

ಮರುದಿನ ಬಸ್ಸಿಳಿದ ಎಂಜಿನಿಯರರನ್ನು ಕರೆದುಕೊಂಡು ಬಂದಾಗ ಜಗುಲಿಯ ಮೇಲೆ, ಒಗೆದ ಪಂಚೆಯ ಮೇಲೆ, ದುರ್ಬೀನು ಫಳಫಳ ಹೊಳೆಯುತ್ತಿತ್ತು. ದೇವರ ಮನೆಯ ತಂಬಿಗೆಯ ಹಾಗೆ. ಅಂಗಳದ ಕಲ್ಲಿನ ಮೇಲೆ ಹುಣಸೆಹಣ್ಣಿನ ಚರಟ, ಒಲೆಬೂದಿ, ತೆಂಗಿನ ನಾರಿನ ಉಂಡೆ ಇನ್ನೂ ಬಿದ್ದಿದ್ದವು.

ಅವರು ಕನ್ನಡಕ ಹಾಕಿಕೊಂಡು ಸುತ್ತಿನ ಪಟ್ಟಿಯನ್ನು ಮೆಲ್ಲಗೆ ತಿರುಗಿಸಿದರು. ಕೂದಲೆಳೆಯಂಥ ಗೀಟುಗಳು, ಒಂದೊಂದು ಡಿಗ್ರಿಯ ಅಂಕಿ, ತಯಾರಕರ ಹೆಸರು, ಎಲ್ಲ ಮೊದಲು ಅದರ ಮೇಲೇ ಇದ್ದವು. ಈಗ ಅಲ್ಲಿ ಉಳಿದಿದ್ದು ನುಣುಪು.

“ಅಂಕಿ ಹೋಗಿವೆ ಮೇಷ್ಟ್ರೇ. ನನಗೆ ಬೇಕಾಗಿದ್ದೇ ಅದು. ಹಿತ್ತಾಳೆ ತಗೊಂಡು ನಾನೇನು ಮಾಡಲಿ?” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ನಾನು ಅವ್ವನ ಮೇಲೆ ಹರಿಹಾಯ್ದೆ. “ಯಾರವ್ವ ಹೇಳಿದ್ದು ನಿಂಗೆ ಇದನ್ನ ತಿಕ್ಕು ಅಂತ?”

“ನೀನೇ ಕಣಪ್ಪ.”

“ಧೂಳು ಹೊಡಿ ಅಂದ್ರೆ ಹುಣಸೆಹಣ್ಣು ಹಾಕ್ತಾರಾ?”

“ಇನ್ನೊಬ್ಬರ ಮನೇಗೆ ಹೋಗೋ ಸಾಮಾನು ಕಣ್ಲಾ. ಬೆಳಗದೆ ಹೆಂಗೆ ಕಳಿಸ್ಲಿ?” ಅವಳ ಬೆರಳ ತುದಿಗಳು ಬೂದಿಯಿಂದ ಒಡೆದಿದ್ದವು. ಬೆಳಗಿನ ಜಾವದಿಂದ ತಿಕ್ಕಿರಬೇಕು.

ಬೇರೆ ಬಿಡಿಭಾಗಗಳಾದರೂ ಇವೆಯೇ ಎಂದು ಎಂಜಿನಿಯರರು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಒಂದು ಜುಟ್ಟಿನ ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ, ಕಾಗದದಲ್ಲಿ ಕಟ್ಟಿದ ಕುಂಕುಮ. ನಮ್ಮಲ್ಲಿ ಯಾರ ಮನೆಗೂ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ. ಎರವಲು ತಂದ ಕೊಳದಪ್ಪಲೆಯನ್ನೂ ಬೆಳಗಿ, ಒಳಗೆ ಒಂದು ಕಾಯಿಯನ್ನೋ ಬೆಲ್ಲದಚ್ಚನ್ನೋ ಇಟ್ಟು ಹಿಂತಿರುಗಿಸುತ್ತೇವೆ. ಅಪ್ಪನ ದುರ್ಬೀನನ್ನೂ ಅವ್ವ ಹಾಗೆಯೇ ಕಳಿಸಿಕೊಡಲು ಸಿದ್ಧಮಾಡಿದ್ದಳು. ಮೂರು ವರ್ಷ ನಾನು ಮಿಡುಕಿದ್ದೇ ಬಂತು, ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾಳೆ ಹೋಗುತ್ತದೆ ಎಂದಷ್ಟೇ ಹೇಳಿದ್ದೆ. ನಾಚಿಕೆಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಎಂಜಿನಿಯರರು ಕಾಫಿ ಕುಡಿದು ಹೊರಟರು. ಅವ್ವ ಪೆಟ್ಟಿಗೆಯಿಂದ ಆ ಕಾಯಿ ತೆಗೆದು, “ಬಂದೋರು ಬರಿಗೈಲಿ ಹೋಗ್ಬಾರ್ದು ಕಣ್ರೀ” ಎಂದು ಅವರ ಚೀಲಕ್ಕೆ ಹಾಕಿದಳು.

ಸಂಜೆ ತಮ್ಮ ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಏರಿಸುವುದಿಲ್ಲ ಎಂದು ಹಟ ಹಿಡಿದ. ನಾನು ಗೊಣಗುತ್ತಲೇ, ಅದರ ಗಾಜಿನ ಕಣ್ಣಾದರೂ ಸರಿಯಾಗಿದೆಯೇ ನೋಡೋಣ ಎಂದು ಹಿತ್ತಲಿನಲ್ಲಿ ಸ್ಟ್ಯಾಂಡು ಊರಿ ದುರ್ಬೀನು ಕೂರಿಸಿದೆ. ಒಂದು ಕಾಲು ಸರಿಪಡಿಸಿದರೆ ಇನ್ನೊಂದು ಜಾರುತ್ತಿತ್ತು. ಅವ್ವ ನೋಡುತ್ತಿದ್ದವಳು, ಕಾಯಿ ಕೆಡಹುವ ಗಳ ತೆಗೆದುಕೊಂಡು ನೇರ ಹೋಗಿ ಬಾವಿ ಪಕ್ಕದ ಮರದ ಬಳಿ ಅದನ್ನು ನಿಲ್ಲಿಸಿ ಹಿಡಿದಳು.

“ಏನವ್ವ ಅದು?”

“ನಮ್ಮ ತೋಟದ ಕಾಲುವೆ ತೆಗೆದಾಗ ಅಳತೆ ಕೋಲು ಹಿಡಿದಿದ್ದು ನಾನೇ ಅಲ್ವಾ? ನಿಮ್ಮಪ್ಪ ಬಾಯಲ್ಲಿ ಹೇಳ್ತಿರ್ಲಿಲ್ಲ. ಕೈ ಆಡಿಸ್ತಿದ್ರು.”

ಇದು ನನಗೆ ಗೊತ್ತೇ ಇರಲಿಲ್ಲ. ಕಣ್ಣಿಟ್ಟೆ. ಮರ ತಲೆಕೆಳಗು, ಬಾವಿ ತಲೆಕೆಳಗು, ಅವ್ವನೂ ತಲೆಕೆಳಗು. ಈ ಸಲ ನಗು ಬರಲಿಲ್ಲ. ಕೈ ಎತ್ತಿ ಎಡಕ್ಕೆ ಆಡಿಸಿದೆ. ಅವಳು ಒಂದು ಹೆಜ್ಜೆ ಸರಿದು, ಗಳವನ್ನು ನೆಟ್ಟಗೆ ಮಾಡಿ ನಿಂತಳು.

“ಅವ್ವ, ಇದನ್ನ ಇಟ್ಕೊಳ್ಳಾನಾ, ಕೊಟ್ಬುಡಾನಾ?” ಎಂದು ಕೂಗಿ ಕೇಳಿದೆ.

“ಈಗ ಕೇಳ್ತಿದೀಯಾ?” ಎಂದಳು ಅಲ್ಲಿಂದಲೇ. “ಮೊದ್ಲು ಸರಿಯಾಗಿ ನೋಡು. ಕೈ ನೋಯ್ತದೆ.”