ಮರಳವಾಡಿಗೆ ಬಂದ ಪಾರ್ಟಿ

ಚಿಲಿ ದೇಶದ ಕವಿ ರಮೋನ್ ಅವರಿಗೆ ಹಳ್ಳಿ ತೋರಿಸುವ ಕೆಲಸ ಕನ್ನಡ ಮೇಷ್ಟ್ರಾದ ನನ್ನ ತಲೆಗೆ ಬಿತ್ತು. ಬಸ್ಸಿಗೆ ಹೋಗೋಣ ಅಂದೆ. ಅತಿಥಿಗೆ ಅವಮಾನ ಅಂತ ಸಂಘಟಕರು ಡ್ರೈವರ್ ಸಮೇತ ಬಾಡಿಗೆಯ ಬಿಳಿ ಕ್ವಾಲಿಸ್ ಕಾರು ಕೊಟ್ಟರು. ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳವು. ಕನಕಪುರ ರಸ್ತೆಯುದ್ದಕ್ಕೂ ಸೈಟಿನ ಕಲ್ಲು ನೆಟ್ಟಿದ್ದರು.

ಮಿಲಿಟರಿ ಆಡಳಿತ ಬಂದಾಗ ಒಂದು ಪದ್ಯಕ್ಕಾಗಿ ತಮ್ಮನ್ನು ದೇಶದಿಂದಲೇ ಹೊರಹಾಕಿದ್ದರೆಂದು ರಮೋನ್ ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮಲ್ಲಿ ಕವಿ ಅಂದರೆ ಯಾವುದಾದರೂ ಪಾರ್ಟಿಯವನು ಅಂತಲೇ ಲೆಕ್ಕ." ನಮ್ಮಲ್ಲಿ ಕವಿ ಅಂದರೆ ಶಾಲು ಹೊದೆಸಿಕೊಳ್ಳುವವನು ಅನ್ನಲು ನನಗೆ ಬಾಯಿ ಬರಲಿಲ್ಲ. ಹಾರೋಹಳ್ಳಿಯಲ್ಲಿ ಮುದ್ದೆ, ಉಪ್ಸಾರು ಉಂಡೆವು. ಪುಣ್ಯಾತ್ಮ ಮುದ್ದೆಯನ್ನು ಅಗಿದರು.

ಮರಳವಾಡಿ ದಾಟಿ, ಒಂದು ಹಿಪ್ಪುನೇರಳೆ ತೋಟದ ಬಳಿ ರಮೋನ್ ಕಾರು ನಿಲ್ಲಿಸಲು ಹೇಳಿದರು. ನಿಂಗಮ್ಮ ಅನ್ನುವ ಹೆಂಗಸು ರೇಷ್ಮೆಹುಳಕ್ಕೆ ಸೊಪ್ಪು ಕುಯ್ಯುತ್ತಿದ್ದಳು. ಅವಳ ಮೈದುನ ಕೆಂಪಯ್ಯ ಬದುವಿನಿಂದೆದ್ದು ಓಡಿ ಬಂದ.

"ಯಾವ ಪಾರ್ಟಿ ಸಾ?"

ತಿಳಿದ ಒಂದೇ ಪದ ಕಿವಿಗೆ ಬಿದ್ದಿದ್ದೇ ತಡ, ರಮೋನ್ ಎದೆ ಮುಟ್ಟಿಕೊಂಡು, "ಪಾರ್ಟಿ, ಪಾರ್ಟಿ" ಅಂದುಬಿಟ್ಟರು. ಆಗ ಆ ಕಡೆ ಪಾರ್ಟಿ ಅಂದರೆ ಜಮೀನು ಕೊಳ್ಳುವ ಗಿರಾಕಿ. ನಿಂಗಮ್ಮ, ಕೆಂಪಯ್ಯ ಇಬ್ಬರ ಜಂಟಿ ಜಮೀನಿಗೆ ಬ್ರೋಕರು ಒಂದು ಪಾರ್ಟಿ ಗೊತ್ತು ಮಾಡಿದ್ದನಂತೆ. ಅದರ ಮುಖ ಯಾರೂ ನೋಡಿರಲಿಲ್ಲ. ಕನಕಪುರದ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಂಗಮ್ಮ ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ.

"ಇವರು ಕವಿ ಕಣಯ್ಯ," ಅಂದೆ.

"ಕವಿ ಆದ್ರೆ ಕ್ವಾಲಿಸಲ್ಲಿ ಯಾಕ್ ಬತ್ತಾರೆ? ಸುಮ್ಕಿರಿ ಸಾ."

ನಿಂಗಮ್ಮ ಕುಡುಗೋಲು ಹಿಡಿದೇ ಬಂದಳು. "ನಾನ್ ಕೊಡಾಕಿಲ್ಲ ಅಂತ ಯೋಳಿ ಅವರಿಗೆ. ಈ ಸೊಪ್ಪೇ ನನ್ ಅನ್ನ."

ಈಕೆ ಮಣ್ಣು ಬಿಡಲೊಲ್ಲಳು ಅಂತ ರಮೋನ್‌ಗೆ ಹೇಳಿದೆ. ಅವರ ಕಣ್ಣು ತುಂಬಿತು. ಬಾಗಿ ಒಂದು ಹಿಡಿ ಮಣ್ಣೆತ್ತಿಕೊಂಡು, ತಮ್ಮನ್ನು ದೇಶ ಬಿಡಿಸಿದ ಪದ್ಯ ಇದೇ ಅಂತ ನನಗೆ ಹೇಳಿ, ಅದನ್ನು ದೊಡ್ಡ ದನಿಯಲ್ಲಿ ಸ್ಪ್ಯಾನಿಷಿನಲ್ಲೇ ಹೇಳತೊಡಗಿದರು. ನನಗೋ ಸ್ಪ್ಯಾನಿಷ್ ಒಂದಕ್ಷರ ಬರದು.

"ಮಣ್ ನೋಡ್ತಾವ್ರೆ," ಅಂದ ಕೆಂಪಯ್ಯ ಖುಷಿಯಲ್ಲಿ.

ನಿಂಗಮ್ಮ ಕುಗ್ಗಿಹೋದಳು. "ಅಷ್ಟ್ ದೂರದಿಂದ ಬಂದು ಇಂಗೆ ಗದರುಸ್ತಾವ್ರೆ. ಇನ್ನು ನಾನ್ ತಡದ್ರೆ ನಿಂತ್ಕತದಾ? ನಡಿ, ಒತ್ತುಬುಡ್ತೀನಿ."

"ಇವರು ಪಾರ್ಟಿ ಅಲ್ಲಮ್ಮ" ಅಂದೆ.

"ಪಾರ್ಟಿ!" ಅಂದರು ರಮೋನ್, ಹೆಮ್ಮೆಯಿಂದ.

ನಾನು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಕೆಂಪಯ್ಯ ಅತ್ತಿಗೆಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟಿದ್ದ. ಬೆನ್ನಿಗೇ ಕಾರು ಬಿಟ್ಟೆವು. ಹಾರೋಹಳ್ಳಿಯ ಹತ್ತಿರ ಸಿಕ್ಕರು. ನಾನು ಕಿಟಕಿಯಿಂದ ಕೈಯಾಡಿಸಿ, ನಿಲ್ಲಿ, ನಿಲ್ಲಿ ಅಂತ ಕೂಗಿದೆ. ಕೆಂಪಯ್ಯ ಇನ್ನೂ ಜೋರು ಮಾಡಿದ. ನಿಂಗಮ್ಮ ಹಿಂತಿರುಗಿ ರಮೋನ್‌ಗೆ ಎರಡೂ ಕೈ ಮುಗಿದಳು.

"ಒತ್ತೀನಿ ಅಂದ್ನಲ್ಲ ಸ್ವಾಮಿ, ಅಟ್ಟುಸ್ಕೊಂಡ್ ಬರ್‌ಬ್ಯಾಡಿ."

ಏನಂದಳು ಅಂತ ರಮೋನ್ ಕೇಳಿದರು. ಹೇಳಿದೆ. ಕಾರು ನಿಲ್ಲಿಸಲು ಹೇಳಿ, ಇಳಿದು, ರಸ್ತೆಯಂಚಿನ ಸೈಟು ಕಲ್ಲಿನ ಮೇಲೆ ಕೂತುಬಿಟ್ಟರು. ಮೊಪೆಡ್ಡು ಕನಕಪುರದ ಕಡೆ ತಿರುಗಿತು.